ಕಿಸೆಯೊಳಗಿನ ಮೂರು ಲೋಹ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಮಾಲು ತಂದ ಹಿರಿಯ ರೈತರು ಚೀಲಗಳ ಮೇಲೆ ಕುಳಿತು ಸೊಂಟದ ಚಂಚಿ ಬಿಚ್ಚುವ ನೋಟ ಈಗ ಕಡಿಮೆಯಾಗಿದೆ, ಪೂರ್ತಿ ಮರೆಯಾಗಿಲ್ಲ. ಬಟ್ಟೆಯ ಆ ಚೀಲದೊಳಗೆ ಒಂದರ ಹಿಂದೊಂದು ಮಡಿಕೆಗಳು. ಒಂದರಲ್ಲಿ ಎಲೆ, ಇನ್ನೊಂದರಲ್ಲಿ ಅಡಿಕೆ, ಮತ್ತೊಂದರಲ್ಲಿ ಅಡಕೊತ್ತು. ಒಳಮಡಿಕೆಯಲ್ಲಿ ಹೆಬ್ಬೆಟ್ಟಿನಷ್ಟು ದಪ್ಪದ ಹಿತ್ತಾಳೆಯ ಸುಣ್ಣದ ಡಬ್ಬಿ, ಮನೆಯ ಕೀಲಿಕೈ, ನಾಲ್ಕಾರು ನಾಣ್ಯ. ಅದೇ ಹೊತ್ತಿಗೆ ಹಾವೇರಿಯ ಬಸ್ ನಿಲ್ದಾಣದಲ್ಲಿ ನಿಂತ ಕಾಲೇಜು ಹುಡುಗನ ಕಿಸೆ ತಡಕಿದರೆ ಸಿಗುವುದು ಬಾಲ್ ಪೆನ್, ಸೈಕಲ್ಲಿನ ಕೀಲಿಕೈ, ಹತ್ತು ರೂಪಾಯಿಯ ನಾಣ್ಯ. ಪ್ಯಾಂಟಿಗೆ ಹಳದಿ ಜಿಪ್, ಕಿಸೆಯ ಮೂಲೆಗೆ ಕೆಂಪು ಛಾಯೆಯ ಪುಟ್ಟ ರಿವೆಟ್ಟು.

ಎರಡು ತಲೆಮಾರಿನ ಈ ಎರಡು ಗಂಟುಗಳಲ್ಲೂ ತಾಮ್ರವಿದೆ. ಅಪ್ಪಟವಾಗಿ ಸ್ವಲ್ಪ, ಹಿತ್ತಾಳೆಯ ರೂಪದಲ್ಲಿ ಬಹಳ, ಕಂಚಿನ ರೂಪದಲ್ಲಿ ಅಪರೂಪಕ್ಕೆ. ಯಾವ ವಸ್ತುವಿಗೆ ಯಾವುದು ಎಂಬುದು ಅಲಂಕಾರದ ಪ್ರಶ್ನೆಯಾಗಿರಲಿಲ್ಲ. ಮೆತ್ತಗಿರುವುದು, ಸವೆಯದಿರುವುದು, ಸುಣ್ಣಕ್ಕೆ ಜಗ್ಗದಿರುವುದು, ದನಿ ಕೊಡುವುದು, ಕೊನೆಗೆ ಅಗ್ಗವಾಗಿರುವುದು - ಈ ಗುಣಗಳೇ ಆಯ್ಕೆ ಮಾಡಿದವು. ಹಿಂದೆ ಇದನ್ನು ತಿಳಿಯಲು ಶಾಲೆಗೆ ಹೋಗಬೇಕಿರಲಿಲ್ಲ. ಪಾತ್ರೆ ಅಂಗಡಿಯಲ್ಲಿ ಅಜ್ಜಿ ಬೆರಳಿನಿಂದ ತಟ್ಟಿ ನೋಡಿಯೇ ಹೇಳುತ್ತಿದ್ದಳು. ಈಗ ಹಳದಿ ಬಣ್ಣ ಬಳಿದ ಕಬ್ಬಿಣವೂ ಹಿತ್ತಾಳೆಯ ಹೆಸರಿನಲ್ಲಿ ಮಾರಾಟವಾಗುತ್ತದೆ; ಮನೆಯಲ್ಲಿದ್ದ ನಿಜವಾದ ಕಂಚು ಹಿತ್ತಾಳೆಯ ದರಕ್ಕೆ ಗುಜರಿಗೆ ಹೋಗುತ್ತದೆ. ಎರಡೂ ಕಡೆ ನಷ್ಟ ಮನೆಯವರದೇ.

ತಾಮ್ರ ಮೂಲವಸ್ತು. ಅದಕ್ಕೆ ಸತು ಬೆರೆತರೆ ಹಿತ್ತಾಳೆ, ತವರ ಬೆರೆತರೆ ಕಂಚು. ಇಷ್ಟನ್ನು ಶಾಲೆಯ ಪುಸ್ತಕ ಹೇಳುತ್ತದೆ. ಅದು ಸಾಮಾನ್ಯವಾಗಿ ಹೇಳದೆ ಬಿಡುವುದು ದರದ ಮಾತು. ಸತು ತಾಮ್ರಕ್ಕಿಂತ ಅಗ್ಗ, ತವರ ತಾಮ್ರಕ್ಕಿಂತ ಬಹಳ ದುಬಾರಿ. ಹಾಗಾಗಿ ಸತು ಸೇರಿದಷ್ಟೂ ಬೆಲೆ ಇಳಿಯುತ್ತದೆ, ತವರ ಸೇರಿದಷ್ಟೂ ಏರುತ್ತದೆ. ತವರದ ಅದಿರು ಭಾರತದಲ್ಲಿ ಛತ್ತೀಸಗಢದ ಬಸ್ತರ್ ಸೀಮೆ ಬಿಟ್ಟರೆ ಹೇಳಿಕೊಳ್ಳುವಷ್ಟು ಇಲ್ಲ. ಬೇಕಾದದ್ದರಲ್ಲಿ ಬಹುಪಾಲು ಹೊರದೇಶದಿಂದ ಬರುತ್ತದೆ. ಕಿಸೆಯಲ್ಲಿ ಹಿತ್ತಾಳೆ ಹೆಚ್ಚು, ಕಂಚು ಕಡಿಮೆ ಇರುವುದಕ್ಕೆ ಮೊದಲ ಕಾರಣ ಇದೇ.

ಸತುವಿನದು ಇನ್ನೊಂದು ಬಗೆಯ ತೊಡಕು. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಅಂದರೆ ತಾಮ್ರ ಕರಗುವುದರೊಳಗೆ ಸತು ಹಾರಿಹೋಗಿರುತ್ತದೆ! ಆ ಆವಿಯನ್ನು ಗಾಳಿ ತಾಗದಂತೆ ಕೆಳಮುಖವಾಗಿ ಇಳಿಸಿ ತಣಿಸುವ ವಿದ್ಯೆಯನ್ನು ರಾಜಸ್ಥಾನದ ಉದಯಪುರದ ಹತ್ತಿರದ ಜಾವರ್ ಗಣಿಯವರು ಶತಮಾನಗಳ ಹಿಂದೆಯೇ ಸಾಧಿಸಿದ್ದರು. ಬದನೆಕಾಯಿ ಆಕಾರದ ಮಣ್ಣಿನ ಮೂಸೆಗಳನ್ನು ತಲೆಕೆಳಗು ಮಾಡಿ ಸಾಲಾಗಿ ಕುಲುಮೆಯಲ್ಲಿಡುತ್ತಿದ್ದರು. ಯುರೋಪಿನಲ್ಲಿ ದೊಡ್ಡ ಪ್ರಮಾಣದ ಸತು ತಯಾರಿಕೆ ಶುರುವಾದದ್ದು 18ನೆಯ ಶತಮಾನದಲ್ಲಿ. ಹಿತ್ತಾಳೆಯ ತಂಬಿಗೆಯ ಹಿಂದೆ ಇಂಥದೊಂದು ರಸಾಯನಶಾಸ್ತ್ರವಿದೆ ಎಂದು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಈ ಲೋಹಗಳನ್ನು ಬಡಿದು, ಎರಕ ಹೊಯ್ದು, ಊರೂರಿಗೆ ಹೊತ್ತು ಮಾರಿದವರು ಕಂಚುಗಾರರು, ಬೋಗಾರರು. ಹುಬ್ಬಳ್ಳಿಯ ಕಂಚಗಾರ ಗಲ್ಲಿ, ಬೆಳಗಾವಿಯ ಬೋಗಾರವೇಸ್ ಎಂಬ ಹೆಸರುಗಳು ಅವರ ನೆನಪು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದವು. ಮದುವೆಯ ಪಾತ್ರೆಪಡಗಕ್ಕೆ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿಬರುವುದು ಈ ಕಡೆಯವರಿಗೆ ಹೊಸದೇನಲ್ಲ.

ಸುಣ್ಣ ತಿನ್ನದ ಲೋಹ

ಚಂಚಿಯಲ್ಲಿರುವ ಎಲ್ಲ ಸಾಮಾನುಗಳಲ್ಲಿ ಹೆಚ್ಚು ಜಾಣತನ ಅಡಗಿರುವುದು ಸುಣ್ಣದ ಡಬ್ಬಿಯಲ್ಲಿ. ಹಸಿ ಸುಣ್ಣ ತೀಕ್ಷ್ಣವಾದ ಕ್ಷಾರ. ಅದನ್ನು ದಿನವಿಡೀ ಬೆವರುವ ಮೈಗೆ ಒತ್ತಿಕೊಂಡ ಪುಟ್ಟ ಡಬ್ಬಿಯಲ್ಲಿ ಇಡಬೇಕು. ಡಬ್ಬಿ ಸೋರಬಾರದು, ತುಕ್ಕು ಹಿಡಿಯಬಾರದು, ಮುಚ್ಚಳ ಬಿಗಿಯಾಗಿ ಕೂಡಬೇಕು. ಕಬ್ಬಿಣ ಇಟ್ಟರೆ ಬೆವರಿಗೆ ಹೊರಗಿನಿಂದ ತುಕ್ಕು. ಅಲ್ಯುಮಿನಿಯಂ ಹಗುರ, ಅಗ್ಗ, ಹೊಳೆಯುತ್ತದೆ. ಆದರೆ ಅದಕ್ಕೆ ಸುಣ್ಣ ಶತ್ರು. ಅಲ್ಯುಮಿನಿಯಂನ ಮೈಮೇಲೆ ತನ್ನಷ್ಟಕ್ಕೆ ಬೆಳೆಯುವ ತೆಳುವಾದ ಆಕ್ಸೈಡ್ ಪೊರೆಯೇ ಅದನ್ನು ಕಾಯುವುದು. ಕ್ಷಾರ ಆ ಪೊರೆಯನ್ನೇ ಕರಗಿಸಿ ಒಳಗಿನ ಲೋಹವನ್ನು ತಿನ್ನುತ್ತದೆ, ಜಲಜನಕದ ಗುಳ್ಳೆಗಳು ಏಳುತ್ತವೆ. ಹಿತ್ತಾಳೆಗೆ ಸುಣ್ಣದಿಂದ ಅಂಥ ಕಾಟವಿಲ್ಲ. ಜೊತೆಗೆ ಹಿತ್ತಾಳೆಯನ್ನು ತೆಳುವಾದ ತಗಡಾಗಿ ಬಡಿಯಬಹುದು, ಕಡಚಲ ಹಿಡಿಯಬಹುದು, ಬೆಸುಗೆ ಹಾಕಬಹುದು. ಸೂಕ್ಷ್ಮವಾದ ತಿರುಪಿನ ಮುಚ್ಚಳ ಮಾಡಲು ಇದಕ್ಕಿಂತ ಅನುಕೂಲದ ಲೋಹ ಕೈಗೆಟಕುವ ಬೆಲೆಯಲ್ಲಿ ಇರಲಿಲ್ಲ.

ಇದನ್ನು ಶಾಲೆಯ ಪ್ರಯೋಗಾಲಯದಲ್ಲಿ ಶಿಕ್ಷಕರ ಎದುರಿಗೆ ಪರೀಕ್ಷಿಸಬಹುದು. ಎರಡು ಗಾಜಿನ ಲೋಟಗಳಲ್ಲಿ ತೆಳ್ಳಗೆ ಕಲಸಿದ ಸುಣ್ಣ. ಒಂದಕ್ಕೆ ಅಲ್ಯುಮಿನಿಯಂ ಹಾಳೆಯ ಚೂರು, ಇನ್ನೊಂದಕ್ಕೆ ಹಿತ್ತಾಳೆಯ ಚೂರು. ಸ್ವಲ್ಪ ಹೊತ್ತಿನಲ್ಲಿ ಮೊದಲನೆಯದರಲ್ಲಿ ಗುಳ್ಳೆ ಏಳುತ್ತವೆ, ಎರಡನೆಯದು ಸುಮ್ಮನಿರುತ್ತದೆ. ಲೋಟ ಮುಚ್ಚಬಾರದು, ಮುಖ ಹತ್ತಿರ ಒಯ್ಯಬಾರದು, ಕಣ್ಣಿಗೆ ಕನ್ನಡಕವಿರಬೇಕು.

ಕಣ್ಣಿನ ಮಾತು ಬಂದದ್ದರಿಂದ ತಂದೆ ತಾಯಂದಿರು ಗಮನಿಸಬೇಕಾದ ಒಂದು ಸಂಗತಿ. ಹಿತ್ತಾಳೆಯ ಡಬ್ಬಿಯ ಜಾಗಕ್ಕೆ ಬಂದದ್ದು ಪ್ಲಾಸ್ಟಿಕ್ಕಿನ ಸುಣ್ಣದ ಪೊಟ್ಟಣ ಮತ್ತು ಟ್ಯೂಬು. ಮಕ್ಕಳು ಅದನ್ನು ಆಟಕ್ಕೆಂದು ಹಿಸುಕಿ, ಅದು ಒಡೆದು ಸುಣ್ಣ ಕಣ್ಣಿಗೆ ಸಿಡಿಯುವ ಅಪಘಾತಗಳನ್ನು ದೇಶದ ಕಣ್ಣಿನ ವೈದ್ಯರು ಮತ್ತೆ ಮತ್ತೆ ಕಂಡಿದ್ದಾರೆ. ಕ್ಷಾರ ಕಣ್ಣಿನ ಪಾರದರ್ಶಕ ಪದರದೊಳಕ್ಕೆ ಬೇಗ ಇಳಿಯುತ್ತದೆ. ದೃಷ್ಟಿ ಹೋಗುವ ಅಪಾಯವಿದೆ. ಹಾಗಾದರೆ ಒಂದು ಕ್ಷಣವೂ ತಡಮಾಡದೆ, ಉಜ್ಜದೆ, ಧಾರಾಳವಾಗಿ ಶುದ್ಧ ನೀರು ಹಾಯಿಸುತ್ತ ಕಣ್ಣು ತೊಳೆಯಬೇಕು, ಆಮೇಲೆ ನೇರ ಕಣ್ಣಿನ ಆಸ್ಪತ್ರೆಗೆ. ಬಿಗಿ ಮುಚ್ಚಳದ ಲೋಹದ ಡಬ್ಬಿ ಹಿಸುಕಿದರೆ ಒಡೆಯುತ್ತಿರಲಿಲ್ಲ. ಹಾಗೆಂದು ಚಂಚಿಯ ಚಟವನ್ನು ಹೊಗಳಬೇಕಾಗಿಲ್ಲ. ಅಡಿಕೆ, ತಂಬಾಕು ಎರಡೂ ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾದ ಮಾತು. ಡಬ್ಬಿ ಒಳ್ಳೆಯದು, ಅದರೊಳಗಿನದು ಅಲ್ಲ.

ಅಡಕೊತ್ತಿನಲ್ಲಿ ಹಿತ್ತಾಳೆಯ ಮಿತಿ ಕಾಣುತ್ತದೆ. ಹಿಡಿಕೆಗೆ ಗಿಣಿ, ಕುದುರೆಗಳನ್ನು ಕೊರೆದ ಹಿತ್ತಾಳೆಯ ಅಡಕೊತ್ತುಗಳಲ್ಲೂ ಅಡಿಕೆಗೆ ತಾಗುವ ಅಲಗು ಕಬ್ಬಿಣದ್ದೇ. ಒಣಗಿದ ಅಡಿಕೆಯ ಮುಂದೆ ಹಿತ್ತಾಳೆಯ ಅಲಗು ಬಹಳ ದಿನ ಚೂಪಾಗಿರಲಾರದು.

ಹಿತ್ತಾಳೆಗೆ ಇನ್ನೊಂದು ಗುಪ್ತ ಶತ್ರುವಿದೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದ ಉಗ್ರಾಣಗಳಲ್ಲಿ ಹಿತ್ತಾಳೆಯ ತೋಟಾಗಳು ಮಳೆಗಾಲ ಬಂತೆಂದರೆ ತಾವಾಗಿ ಸೀಳುತ್ತಿದ್ದವು. ಎಷ್ಟೋ ವರ್ಷ ಇದಕ್ಕೆ ಹವೆಯೇ ಕಾರಣವೆಂದು ತಿಳಿದಿದ್ದರು. ನಿಜವಾದ ಕಾರಣ ಕುದುರೆ ಲಾಯದಿಂದ ಬರುತ್ತಿದ್ದ ಅಮೋನಿಯಾ ಎಂಬುದು 1921ರಲ್ಲಿ ಇಂಗ್ಲೆಂಡಿನ ಸಂಶೋಧಕರ ಪ್ರಕಟಣೆಯಿಂದ ಸ್ಪಷ್ಟವಾಯಿತು. ಬಡಿದು ಮಾಡಿದ ಹಿತ್ತಾಳೆಯೊಳಗೆ ಬಿಗಿತ ಉಳಿದಿರುತ್ತದೆ. ತೇವದಲ್ಲಿ ಅಮೋನಿಯಾ ತಾಗಿದರೆ ಆ ಬಿಗಿತದ ಜಾಗದಲ್ಲಿ ಬಿರುಕು ಬಿಡುತ್ತದೆ. ದನದ ಕೊಟ್ಟಿಗೆಯ ಗೂಡಿನಲ್ಲಿ ವರ್ಷಗಟ್ಟಲೆ ಇಟ್ಟ ಹಿತ್ತಾಳೆಯ ಸಾಮಾನಿನ ಅಂಚು ಸೀಳಿದ್ದರೆ ತಯಾರಿಸಿದವನನ್ನು ಬೈಯುವ ಮೊದಲು ಗೋಮೂತ್ರದ ಆವಿಯನ್ನೂ ನೆನೆಯಬೇಕು.

ತಾಮ್ರ ಇವೆಲ್ಲಕ್ಕಿಂತ ಮೆತ್ತಗೆ. ಹಿಂದಿನ ಅರಸರು ದಾನಪತ್ರಗಳನ್ನು ತಾಮ್ರದ ತಗಡಿನ ಮೇಲೆ ಕೊರೆಸಿದ್ದಕ್ಕೆ ಈ ಮೆತ್ತನೆಯ ಗುಣವೂ ಒಂದು ಕಾರಣ. ಉಳಿ ಸಲೀಸಾಗಿ ಓಡುತ್ತದೆ, ಅಕ್ಷರ ಶತಮಾನ ಉಳಿಯುತ್ತದೆ. ಕಿಸೆಯ ಸಾಮಾನಿಗೆ ಅದೇ ಗುಣ ಅನನುಕೂಲ. ತಾಮ್ರದ ತೆಳು ಡಬ್ಬಿ ಕೂತಾಗ ನಸುಕಿಹೋಗುತ್ತದೆ, ತಾಮ್ರದ ಚಿಮಟ ಒಮ್ಮೆ ಬಾಗಿದರೆ ಹಾಗೇ ಉಳಿಯುತ್ತದೆ. ಆದರೆ ಬಡಿದಷ್ಟೂ, ಬಾಗಿಸಿದಷ್ಟೂ ತಾಮ್ರ ಗಡುಸಾಗುತ್ತದೆ. ವಿದ್ಯುತ್ ತಂತಿಯ ಒಂದು ತುಂಡು ಸಾಕು: ದಪ್ಪ ತಾಮ್ರದ ತಂತಿಯನ್ನು ಒಂದೇ ಕಡೆ ಹಿಂದೆ ಮುಂದೆ ಬಾಗಿಸುತ್ತ ಹೋದರೆ ಪ್ರತಿ ಸಲ ಬೆರಳಿಗೆ ಹೆಚ್ಚು ಬಲ ಬೇಕಾಗುತ್ತದೆ, ಕೊನೆಗೆ ಮುರಿಯುತ್ತದೆ. ಮುರಿಯುವ ಮೊದಲು ಕೆಂಪಗೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಕಾಯಿಸಿದ ಉಕ್ಕನ್ನು ನೀರಿಗೆ ಅದ್ದಿದರೆ ಗಡುಸಾಗುತ್ತದೆ, ತಾಮ್ರವನ್ನು ಅದ್ದಿದರೂ ಮೆತ್ತಗೇ ಉಳಿಯುತ್ತದೆ. ಕಮ್ಮಾರನೂ ಕಂಚುಗಾರನೂ ನೆರೆಹೊರೆಯಲ್ಲಿದ್ದರೂ ಕುಲುಮೆಯ ನಿಯಮ ಬೇರೆ ಬೇರೆ. ಪ್ಯಾಂಟಿನ ಕಿಸೆಯ ರಿವೆಟ್ಟು ಕೂಡ ತಾಮ್ರದ ಮೆತ್ತನೆಯ ಗುಣದ ಫಲ: ಅಮೆರಿಕದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ, ಲೆವಿ ಸ್ಟ್ರಾಸ್ ಎಂಬ ವ್ಯಾಪಾರಿಯೊಂದಿಗೆ ಸೇರಿ 1873ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದ. ಕೂಲಿಕಾರರ ಕಿಸೆ ಹರಿಯದಂತೆ ಮೂಲೆಗೆ ತಾಮ್ರದ ಮೊಳೆ ಇಟ್ಟು ಬಡಿದರೆ ಅದು ಚಪ್ಪಟೆಯಾಗಿ ಬಟ್ಟೆಯನ್ನು ಹಿಡಿದುಕೊಳ್ಳುತ್ತಿತ್ತು.

ಕಾಸಿನ ಕತೆ

ಹಣಕ್ಕೆ ಈ ಕಡೆ ರೊಕ್ಕ ಎನ್ನುತ್ತಾರೆ, ಮೈಸೂರು ಕಡೆ ದುಡ್ಡು. ದುಡ್ಡು ಎಂಬುದು ಮೂಲದಲ್ಲಿ ಒಂದು ಸಣ್ಣ ತಾಮ್ರದ ನಾಣ್ಯದ ಹೆಸರು. ಕಾಸೂ ಹಾಗೆಯೇ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನ ತಾಮ್ರದ ನಾಣ್ಯಗಳ ಮೇಲೆ ಕನ್ನಡ ಅಕ್ಷರಗಳಲ್ಲಿ 'ಮಯಿಲಿ ಕಾಸು' ಎಂದು ಬೆಲೆ ಬರೆದಿದೆ.

ಚಂಚಿಯಲ್ಲಿ ಒಂದಕ್ಕೊಂದು ತಿಕ್ಕುವ ನಾಣ್ಯಕ್ಕೆ ಮೆತ್ತನೆಯ ತಾಮ್ರ ಬಾಳಿಕೆ ಬರುವುದಿಲ್ಲ. ಅಕ್ಷರ ಅಳಿದು ಬಿಲ್ಲೆ ನುಣುಪಾಗುತ್ತದೆ. ಬ್ರಿಟನ್ 1860ರಲ್ಲಿಯೇ ತನ್ನ ತಾಮ್ರದ ಪೆನ್ನಿಯನ್ನು ಬಿಟ್ಟು ಕಂಚಿಗೆ ಬದಲಾಯಿತು: ನೂರಕ್ಕೆ 95 ಪಾಲು ತಾಮ್ರ, 4 ತವರ, 1 ಸತು. ಭಾರತದಲ್ಲಿ ಆ ಬದಲಾವಣೆ 1906ರ ನಾಣ್ಯ ಕಾಯ್ದೆಯೊಂದಿಗೆ ಬಂತು. ನಾಲ್ಕೇ ಪಾಲು ತವರ ಲೋಹವನ್ನು ಅಷ್ಟು ಗಟ್ಟಿ ಮಾಡುತ್ತದೆ ಎಂಬುದು ಸೋಜಿಗವೇ ಸರಿ. ತವರದ ಪರಮಾಣು ತಾಮ್ರದ್ದಕ್ಕಿಂತ ದೊಡ್ಡದು. ತಾಮ್ರದ ಪದರಗಳು ಒಂದರ ಮೇಲೊಂದು ಸಲೀಸಾಗಿ ಜಾರದಂತೆ ಅದು ನಡುವೆ ಎಡವುಗಲ್ಲಿನಂತೆ ಕೂರುತ್ತದೆ.

ಎರಡನೆಯ ಮಹಾಯುದ್ಧ ಕಿಸೆಯನ್ನೂ ಬಿಡಲಿಲ್ಲ. ನಿಕ್ಕಲ್ ಯುದ್ಧಸಾಮಗ್ರಿಗೆ ಬೇಕಾದ್ದರಿಂದ 1942ರಿಂದ ಆಣೆಯ ನಾಣ್ಯಗಳು ಹಳದಿ ಬಣ್ಣದ ನಿಕ್ಕಲ್ ಹಿತ್ತಾಳೆಯಲ್ಲಿ ಬಂದವು. 1943ರಲ್ಲಿ ಬಂದದ್ದು ನಡುವೆ ದೊಡ್ಡ ತೂತಿರುವ ಕಂಚಿನ ಪೈಸೆ. ಲೋಹ ಉಳಿಸುವುದೇ ತೂತಿನ ಉದ್ದೇಶ. ಹಿಂದಿನದು ಐದು ಗ್ರಾಂಗೆ ಹತ್ತಿರವಿದ್ದರೆ ಇದು ಎರಡು ಗ್ರಾಂ ಆಸುಪಾಸು. ಮಕ್ಕಳ ಉಡದಾರಕ್ಕೆ ಪೋಣಿಸಲು ಅದು ಬಹಳ ಅನುಕೂಲವಾಯಿತು ಎಂಬುದು ಸರ್ಕಾರ ಎಣಿಸದ ಲಾಭ. ಸ್ವಾತಂತ್ರ್ಯದ ನಂತರ 1950ರಲ್ಲಿ ಬಂದ ಕುದುರೆಯ ಚಿತ್ರದ ಪೈಸೆಯೂ ಕಂಚಿನದು, 1957ರ ಏಪ್ರಿಲ್‌ನಲ್ಲಿ ದಶಮಾಂಶ ಪದ್ಧತಿಯೊಂದಿಗೆ ಬಂದ ಒಂದೂವರೆ ಗ್ರಾಂನ ನಯಾ ಪೈಸೆಯೂ ಕಂಚಿನದು. 1962ರಲ್ಲಿ ಅದು ನಿಕ್ಕಲ್ ಹಿತ್ತಾಳೆಗೆ ಇಳಿಯಿತು, ಮೂರು ವರ್ಷದಲ್ಲಿ ಅಲ್ಯುಮಿನಿಯಂಗೆ. ತಾಮ್ರ, ಕಂಚು, ಹಿತ್ತಾಳೆ, ಅಲ್ಯುಮಿನಿಯಂ: ಒಂದೇ ಪೈಸೆ ಮೆಟ್ಟಿಲು ಮೆಟ್ಟಿಲಾಗಿ ಅಗ್ಗವಾಗುತ್ತ ಹೋದ ಬಗೆ ಇದು. ನಾಣ್ಯದೊಳಗಿನ ಲೋಹದ ಬೆಲೆ ಅದರ ಮೇಲೆ ಬರೆದ ಬೆಲೆಯನ್ನು ದಾಟಿದರೆ ಅದನ್ನು ಕರಗಿಸಿ ಮಾರುವ ಆಸೆ ಹುಟ್ಟುತ್ತದೆ. ಆದ್ದರಿಂದ ಟಂಕಸಾಲೆ ಯಾವಾಗಲೂ ಒಂದು ಹೆಜ್ಜೆ ಮುಂದಿರಬೇಕು. ನಾಣ್ಯ ಕರಗಿಸುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ.

ಈಗಿನ ಕಿಸೆಗೆ ಬಂದರೆ, ಹಳದಿ ಐದು ರೂಪಾಯಿ ನಿಕ್ಕಲ್ ಹಿತ್ತಾಳೆ: ತಾಮ್ರ 75, ಸತು 20, ನಿಕ್ಕಲ್ 5. ಇಪ್ಪತ್ತು ರೂಪಾಯಿಯ ಹನ್ನೆರಡು ಮೂಲೆಯ ನಾಣ್ಯದ ನಡುಭಾಗವೂ ಅದೇ ಪ್ರಮಾಣದ್ದು. ಹತ್ತು ರೂಪಾಯಿಯ ನಾಣ್ಯ ಚಲಾವಣೆಗೆ ಬಂದದ್ದು 2009ರಲ್ಲಿ. ಅದರ ಹೊರಗಿನ ಹಳದಿ ಬಳೆಯನ್ನು 'ಅಲ್ಯುಮಿನಿಯಂ ಕಂಚು' ಎನ್ನುತ್ತಾರೆ. ತಾಮ್ರ 92, ಅಲ್ಯುಮಿನಿಯಂ 6, ನಿಕ್ಕಲ್ 2. ತವರ ಹನಿಯಷ್ಟೂ ಇಲ್ಲ, ಹೆಸರಿಗೆ ಮಾತ್ರ ಕಂಚು. ಅದು ಬೇಗ ಕಪ್ಪಾಗದೆ ಚಿನ್ನದ ಛಾಯೆ ಉಳಿಸಿಕೊಳ್ಳುವುದಕ್ಕೆ ಅಲ್ಯುಮಿನಿಯಂನ ಅದೇ ಆಕ್ಸೈಡ್ ಪೊರೆ ಕಾರಣ. ಸುಣ್ಣದ ಮುಂದೆ ಸೋಲುವ ಪೊರೆ ಕಿಸೆಯ ಬೆವರಿನ ಮುಂದೆ ಗೆಲ್ಲುತ್ತದೆ.

ಈ ಹತ್ತು ರೂಪಾಯಿಯನ್ನು 'ನಡೆಯೋದಿಲ್ರೀ' ಎಂದು ಅಂಗಡಿಯವರು ತಳ್ಳಿಬಿಡುವುದು ರಾಜ್ಯದ ಅನೇಕ ಊರುಗಳಲ್ಲಿ ನಡೆದದ್ದೇ. ಒಂದರಲ್ಲಿ ಹತ್ತು ಗೆರೆ, ಇನ್ನೊಂದರಲ್ಲಿ ಹದಿನೈದು ಗೆರೆ, ಆದ್ದರಿಂದ ಒಂದು ಖೋಟಾ ಎಂಬ ಗಾಳಿಮಾತು. ರಿಜರ್ವ್ ಬ್ಯಾಂಕು 2018ರ ಜನವರಿಯಲ್ಲಿ ಹೇಳಿಕೆ ಹೊರಡಿಸಿ, ಅಲ್ಲಿಯವರೆಗೆ ಬಂದ 14 ವಿನ್ಯಾಸಗಳೂ ಕಾಯ್ದೆಬದ್ಧ ಎಂದು ತಿಳಿಸಿತು. ಬಸ್ಸಿನ ಚಿಲ್ಲರೆಗೆ ಪರದಾಡುವ ಮಕ್ಕಳಿಗೆ ಈ ಮಾಹಿತಿ ಉಪಯೋಗಕ್ಕೆ ಬರಬಹುದು.

ನಾಣ್ಯದಷ್ಟೇ ನಿತ್ಯದ್ದು ಕೀಲಿಕೈ. ಮಳೆಗಾಲದಲ್ಲಿ ಕಬ್ಬಿಣದ ಕೀಲಿ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ, ಹಿತ್ತಾಳೆಯದು ತಿರುಗುತ್ತದೆ. ಉತ್ತರಪ್ರದೇಶದ ಅಲಿಗಢದ ಹಿತ್ತಾಳೆಯ ಕೀಲಿಗಳು ದೇಶದ ಮೂಲೆಮೂಲೆಗೆ ಹೋದದ್ದು ಈ ಗುಣದಿಂದ. ಬೆಳ್ಳಗೆ ಕಾಣುವ ಎಷ್ಟೋ ಕೀಲಿಕೈಗಳು ಕೂಡ ಒಳಗೆ ಹಿತ್ತಾಳೆಯೇ. ಹಲ್ಲಿನ ಅಂಚಿನಲ್ಲಿ ನಿಕ್ಕಲ್ ಲೇಪ ಸವೆದು ಹಳದಿ ಇಣುಕುವುದನ್ನು ಯಾರಾದರೂ ನೋಡಬಹುದು. ಬಾಲ್ ಪೆನ್ನಿನ ತುದಿಯೂ ಬಹಳ ಸಲ ಹಿತ್ತಾಳೆ ಇಲ್ಲವೆ ಅದರ ದಾಯಾದಿಯಾದ ನಿಕ್ಕಲ್ ಸಿಲ್ವರ್. ಅದರ ಬಾಯಲ್ಲಿ ಉರುಳುವ ಗುಂಡು ಮಾತ್ರ ಟಂಗ್‌ಸ್ಟನ್ ಕಾರ್ಬೈಡ್ ಎಂಬ ಅತಿ ಗಡುಸಿನ ವಸ್ತು. ಇಂಥ ಸೂಕ್ಷ್ಮ ಭಾಗಗಳನ್ನು ಯಂತ್ರದಲ್ಲಿ ಕೊರೆಯಲು ಸುಲಭವಾಗಲೆಂದು ಹಿತ್ತಾಳೆಗೆ ನೂರಕ್ಕೆ ಎರಡು ಮೂರು ಪಾಲು ಸೀಸ ಸೇರಿಸುವ ಪದ್ಧತಿಯಿದೆ. ಕೀಲಿಕೈಗಳಲ್ಲೂ ಅದು ಇರುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ. ಕಿಸೆಯಲ್ಲಿಟ್ಟು ತಿರುಗುವ ದೊಡ್ಡವರಿಗೆ ಇದರಿಂದ ಅಂಜಿಕೆಯೇನಿಲ್ಲ. ಅಳುವ ಕೂಸಿಗೆ ಆಟಕ್ಕೆಂದು ಕೀಲಿಕೈ ಗೊಂಚಲು ಕೊಡುವುದನ್ನು, ಅದು ಬಾಯಲ್ಲಿಟ್ಟು ಚೀಪುವುದನ್ನು ಮಾತ್ರ ನಿಲ್ಲಿಸಬೇಕು.

ದನಿ ಕೇಳಿ ಗುರುತು

ಹಾಗಾದರೆ ಅಪ್ಪಟ ಕಂಚು ಎಲ್ಲಿ? ತವರದ ಪಾಲು 20ರ ಮೇಲೆ ಹೋದರೆ ಲೋಹ ಬಹಳ ಗಡುಸಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಕೆಳಗೆ ಬಿದ್ದರೆ ನಸುಕುವ ಬದಲು ಒಡೆಯುತ್ತದೆ. ಕಿಸೆಗೆ ಅದು ಹೇಳಿಸಿದ್ದಲ್ಲ. ಆದರೆ ಒಮ್ಮೆ ತಟ್ಟಿದರೆ ಅದರ ನಡುಕ ಬೇಗ ಅಡಗುವುದಿಲ್ಲ. ಆದ್ದರಿಂದ ಅದು ಗಂಟೆಗೆ, ತಾಳಕ್ಕೆ, ಜಾಗಟೆಗೆ ಹೋಯಿತು. ದೀಪಾವಳಿಯ ಹೊತ್ತಿಗೆ ಹಾವೇರಿ ಸೀಮೆಯಲ್ಲಿ ನಡೆಯುವ ಹೋರಿ ಬೆದರಿಸುವ ಹಬ್ಬದಲ್ಲಿ ಕೊಬ್ಬರಿ ಸರ, ಜೂಲಗಳ ನಡುವಿನಿಂದ ಕೇಳುವ ಕೊರಳ ಗಂಟೆಯನ್ನು ಗಮನಿಸಿದರೆ ಸಾಕು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ನವರಾತ್ರಿಯ ಕಾರಣಿಕಕ್ಕೆ ಸೇರುವ ಗೊರವರ ಮೈಮೇಲೂ ಕರಿ ಕಂಬಳಿ, ಕವಡೆಯ ಸರ, ಡಮರುಗದ ಜೊತೆಗೆ ಗಂಟೆಯಿರುತ್ತದೆ. ಹೊತ್ತು ತಿರುಗುವ ಲೋಹ ಎನ್ನುವುದಾದರೆ ಮೈಲಾರಲಿಂಗನ ಒಕ್ಕಲಿಗಿಂತ ಹೆಚ್ಚು ದೂರ ಅದನ್ನು ಹೊತ್ತವರು ಕಡಿಮೆ.

ತವರದ ಪಾಲು ಕಡಿಮೆ ಮಾಡಿ ಚೂರು ರಂಜಕ ಸೇರಿಸಿದರೆ ಕಂಚಿಗೆ ಪುಟಿಯುವ ಗುಣ ಬರುತ್ತದೆ. ಸ್ವಿಚ್ಚು, ಸಾಕೆಟ್ಟು, ಕನೆಕ್ಟರ್‌ಗಳೊಳಗೆ ಸಾವಿರ ಸಲ ಒತ್ತಿದರೂ ಮತ್ತೆ ಎದ್ದು ನಿಲ್ಲುವ ಪುಟ್ಟ ತಗಡುಗಳಿಗೆ ಈ ರಂಜಕದ ಕಂಚನ್ನು ಬಳಸುತ್ತಾರೆ. ಕಂಚು ಕಿಸೆಯನ್ನು ಪೂರ್ತಿ ಬಿಟ್ಟುಹೋಗಿಲ್ಲ, ಕಣ್ಣಿಗೆ ಬೀಳದ ಕಡೆ ಸೇರಿಕೊಂಡಿದೆ.

ಈ ದನಿಯೇ ಮನೆಯಲ್ಲಿ ಮಾಡಬಹುದಾದ ಒಳ್ಳೆಯ ಪರೀಕ್ಷೆ. ಲೋಹದ ಬಟ್ಟಲನ್ನು ಅಂಗೈ ಮುಚ್ಚದಂತೆ ಬೆರಳ ತುದಿಯ ಮೇಲೆ ನಿಲ್ಲಿಸಿ ಅಥವಾ ದಾರಕ್ಕೆ ತೂಗಿಸಿ ಮರದ ಕಡ್ಡಿಯಿಂದ ತಟ್ಟಬೇಕು. ಕಂಚು ಬಹಳ ಹೊತ್ತು ಗುಂಯ್‌ಗುಡುತ್ತದೆ, ಹಿತ್ತಾಳೆ ಬೇಗ ಸುಮ್ಮನಾಗುತ್ತದೆ, ತಾಮ್ರ ಮಂದ. ಆಕಾರ, ದಪ್ಪಗಳಿಂದಲೂ ದನಿ ಬದಲಾಗುವುದರಿಂದ ಒಂದೇ ಬಗೆಯ ಸಾಮಾನುಗಳನ್ನು ಹೋಲಿಸಿದರೆ ಮಾತ್ರ ಅರ್ಥ.

ತಾಮ್ರದ ಬಗ್ಗೆ ಆರೋಗ್ಯದ ಮಾತುಗಳು ಬಹಳ. ಕೆಲವು ನಿಜ. ತಾಮ್ರದ ಅಂಶ ಹೆಚ್ಚಿರುವ ಮೇಲ್ಮೈಗಳ ಮೇಲೆ ಅನೇಕ ಬ್ಯಾಕ್ಟೀರಿಯಾ ಕೆಲವೇ ಗಂಟೆಗಳಲ್ಲಿ ಸಾಯುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2008ರಲ್ಲಿ ಇಂಥ ಮಿಶ್ರಲೋಹಗಳನ್ನು ಈ ಗುಣಕ್ಕಾಗಿ ನೋಂದಾಯಿಸಿತು. ಆದರೆ ಅದು ಶುಭ್ರವಾದ ಮೇಲ್ಮೈಯ ಮಾತು. ಜಿಡ್ಡು, ಕೊಳೆ ಮೆತ್ತಿದ ನಾಣ್ಯಕ್ಕೆ ಅದನ್ನು ಅನ್ವಯಿಸಿ ಕೈ ತೊಳೆಯದೆ ಊಟಕ್ಕೆ ಕೂಡುವಂತಿಲ್ಲ. ತಾಮ್ರದ ಕಡಗ ಕೀಲುನೋವು ಕಳೆಯುತ್ತದೆ ಎಂಬುದನ್ನು ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಸಂಧಿವಾತದ ರೋಗಿಗಳ ಮೇಲೆ ಪರೀಕ್ಷಿಸಿ, ತೋರಿಕೆಯ ಕಡಗಕ್ಕಿಂತ ಹೆಚ್ಚಿನ ಗುಣವೇನೂ ಕಾಣಲಿಲ್ಲ ಎಂದು 2013ರಲ್ಲಿ ಪ್ರಕಟಿಸಿದರು. ಕಡಗದ ಕೆಳಗೆ ಚರ್ಮ ಹಸಿರಾಗುವುದು ರೋಗ ಹೊರಬಂದ ಗುರುತಲ್ಲ. ಬೆವರಿನ ಉಪ್ಪಿನೊಂದಿಗೆ ತಾಮ್ರ ಕೂಡಿ ಆದ ಕಿಲುಬು. ಸೋಪಿಗೆ ಹೋಗುತ್ತದೆ.

ಶಾಲೆಯ ಬ್ಯಾಗಿನಲ್ಲಿ ತಾಮ್ರದ ನೀರಿನ ಬಾಟಲಿ ಈಗ ಸಾಮಾನ್ಯ. ನೀರಿಗೆ ಅಡ್ಡಿಯಿಲ್ಲ. ಬೇಸಿಗೆಯಲ್ಲಿ ತಾಯಂದಿರು ಅದರಲ್ಲೇ ಮಜ್ಜಿಗೆ, ನಿಂಬೆಹಣ್ಣಿನ ಶರಬತ್ತು ತುಂಬಿ ಕಳಿಸಿದರೆ ತೊಂದರೆ. ಹುಳಿಗೆ ತಾಮ್ರ ಕರಗುತ್ತದೆ. ಹೊಟ್ಟೆ ತೊಳಸಿ ವಾಂತಿಯಾಗಬಹುದು. ತಾಮ್ರ, ಹಿತ್ತಾಳೆಯ ಅಡಿಗೆ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದದ್ದು ಇದಕ್ಕೇ. ನವಸಾಗರದ ಹೊಗೆಯೆಬ್ಬಿಸಿ ಕಲಾಯಿಯವನು ಒಳಮೈಗೆ ಸವರುತ್ತಿದ್ದ ಬೆಳ್ಳನೆಯ ಲೋಹ ಅದೇ ತವರ. ಬಾಟಲಿಯ ಬಾಯಿ ಕಿರಿದು, ಅದಕ್ಕೆ ಕಲಾಯಿಯೂ ಇಲ್ಲ. ಹುಣಸೆಹಣ್ಣು ಅಥವಾ ಲಿಂಬೆ, ಉಪ್ಪು ಹಾಕಿ ಕುಲುಕಿ, ಚೆನ್ನಾಗಿ ನೀರಿನಲ್ಲಿ ಗಲಬರಿಸಿ, ಒಣಗಿಸಿದರೆ ಸಾಕು.

ಕಿಸೆಯ ಸಾಮಾನಿಗೂ ಹುಣಸೆಹಣ್ಣೇ ಒಳ್ಳೆಯದು. ಇಟ್ಟಿಗೆಪುಡಿ ಹೊಳಪು ಕೊಡುತ್ತದೆ, ಕೊರೆದ ಚಿತ್ರವನ್ನೂ ತಿನ್ನುತ್ತದೆ. ನಾಣ್ಯ ಕೂಡಿಡುವ ಹವ್ಯಾಸವಿರುವ ಮಕ್ಕಳು ಮಾತ್ರ ಹಳೆಯ ನಾಣ್ಯವನ್ನು ಉಜ್ಜಲೇಬಾರದು. ಆ ಕಂದು ಪೊರೆ ಹೋದರೆ ಸಂಗ್ರಾಹಕರ ಕಣ್ಣಿನಲ್ಲಿ ಬೆಲೆಯೂ ಹೋಗುತ್ತದೆ.

ಗುಜರಿಗೆ ಹಾಕುವ ಮುನ್ನ

ಗುಜರಿಯನ್ನು ಈ ಕಡೆ ಮೋಡಕಾ ಎನ್ನುತ್ತಾರೆ. ಮೋಡಕಾ ಗಾಡಿ ಓಣಿಗೆ ಬಂದಾಗ, ಅಜ್ಜನ ಕಾಲದ ಸಾಮಾನಿನ ಗಂಟನ್ನು ಬಿಚ್ಚದೆಯೇ ತಕ್ಕಡಿಗೆ ಹಾಕುವ ಮನೆಗಳುಂಟು. ವ್ಯಾಪಾರಿ ಮೊದಲು ತೆಗೆಯುವುದು ಅಯಸ್ಕಾಂತ. ಅದು ಅಂಟಿಕೊಂಡರೆ, 'ಇದು ಹಿತ್ತಾಳಿ ಅಲ್ರೀ ಅಕ್ಕಾರ, ಕಬ್ಬಿಣದ ಮ್ಯಾಲೆ ಪಾಲಿಶ್ ಐತಿ' ಎನ್ನುತ್ತಾನೆ, ಸರಿಯಾಗಿಯೇ ಹೇಳುತ್ತಾನೆ. ಅದೇ ಪರೀಕ್ಷೆಯನ್ನು ಹೊಸದು ಕೊಳ್ಳುವಾಗ ಮನೆಯವರು ಮಾಡುವುದಿಲ್ಲ. ಹಳೆಯ ರೇಡಿಯೊದ ಸ್ಪೀಕರಿನ ಅಯಸ್ಕಾಂತದ ಒಂದು ಚೂರನ್ನು ಜಾತ್ರೆಗೆ ಒಯ್ದರೆ ಹಿತ್ತಾಳೆಯ ಹೆಸರಿನ ಎಷ್ಟೋ ಕೀ ಚೈನು, ಬಕಲ್ಲುಗಳ ಬಣ್ಣ ಬಯಲಾಗುತ್ತದೆ. ತಾಮ್ರ, ಹಿತ್ತಾಳೆ, ಕಂಚು ಮೂರೂ ಅಯಸ್ಕಾಂತಕ್ಕೆ ಅಂಟುವುದಿಲ್ಲ.

ಅಂಟದಿದ್ದರೂ ನಂಬುವಂತಿಲ್ಲ. ಸತುವಿನ ಅಗ್ಗದ ಎರಕಕ್ಕೆ ಹಳದಿ ಲೇಪ ಕೊಟ್ಟದ್ದಾದರೆ ಅದೂ ಅಂಟುವುದಿಲ್ಲ. ಮರೆಯ ಜಾಗದಲ್ಲಿ ಅರದಿಂದ ಒಂದು ಗೀರು ಎಳೆದರೆ ತಿಳಿಯುತ್ತದೆ: ಒಳಗೆ ಬೂದು ಬಿಳುಪು ಕಂಡರೆ ಸತು, ಹಳದಿ ಕಂಡರೆ ಹಿತ್ತಾಳೆ, ಕೆಂಪಾದರೆ ತಾಮ್ರ, ನಸುಗೆಂಪು ಬೆರೆತ ಕಂದು ಹಳದಿಯಾದರೆ ಬಹುಶಃ ಕಂಚು. ಗಂಟೆಯ ಕಂಚಿಗೆ ಗೀರು ಅಷ್ಟು ಸುಲಭಕ್ಕೆ ಬೀಳುವುದೂ ಇಲ್ಲ. ಕೈಯ ತೂಕವೂ ಸುಳಿವು ಕೊಡುತ್ತದೆ. ಒಂದು ಘನ ಸೆಂಟಿಮೀಟರ್ ತಾಮ್ರ ಸುಮಾರು 8.9 ಗ್ರಾಂ ತೂಗುತ್ತದೆ, ಹಿತ್ತಾಳೆ 8.5ರ ಆಸುಪಾಸು, ಕಂಚು ಎರಡರ ನಡುವೆ. ಸತುವಿನ ಎರಕ 7 ಗ್ರಾಂ ಕೂಡ ಮುಟ್ಟುವುದಿಲ್ಲ. ಹತ್ತನೆಯ ತರಗತಿಯ ಹುಡುಗಿ ಅಳತೆಯ ಗಾಜಿನ ಜಾಡಿ, ಅಕ್ಕಸಾಲಿಗರ ತಕ್ಕಡಿ ಇಟ್ಟುಕೊಂಡು ಆರ್ಕಿಮಿಡೀಸನ ವಿಧಾನದಲ್ಲಿ ಲೇಪದ ಸಾಮಾನನ್ನು ಹಿಡಿದುಬಿಡಬಹುದು; ಹಿತ್ತಾಳೆ, ಕಂಚುಗಳ ನಡುವಿನ ಸೂಕ್ಷ್ಮ ವ್ಯತ್ಯಾಸಕ್ಕೆ ಮಾತ್ರ ಮತ್ತೆ ಕಿವಿಯನ್ನೇ ನಂಬಬೇಕು.

ಮೋಡಕಾ ದರದಲ್ಲಿ ತಾಮ್ರ ಹಿತ್ತಾಳೆಗಿಂತ ಮೇಲೆ, ತವರ ಹೆಚ್ಚಿರುವ ಕಂಚೂ ಹಿತ್ತಾಳೆಗಿಂತ ಮೇಲೆ. ಆದರೆ ಮಾರುವವರೇ ಗುರುತಿಸಿ ಕೇಳದಿದ್ದರೆ ಕಂಚಿನ ಗಂಗಾಳ, ಒಡೆದ ಗಂಟೆ, ತಾಳಗಳೆಲ್ಲ ಹಳದಿ ರಾಶಿಗೇ ಬಿದ್ದು ಒಂದೇ ತೂಕದಲ್ಲಿ ಹೋಗುತ್ತವೆ. ಕೆಂಪು ಸಾಮಾನು ಒಂದು ಕಡೆ, ಹಳದಿ ಇನ್ನೊಂದು ಕಡೆ, ದನಿ ಕೊಡುವುದು ಮೂರನೆಯ ಕಡೆ ಎಂದು ಮೊದಲೇ ವಿಂಗಡಿಸಿ ಬೇರೆ ಬೇರೆ ತೂಗಿಸಿಕೊಳ್ಳಬೇಕು. ಚಂಚಿಯೊಳಗಿನ ಸುಣ್ಣದ ಡಬ್ಬಿ ತೂಕಕ್ಕೆ ಹಾಕಿದರೆ ಐವತ್ತು ಗ್ರಾಂ ಬಂದರೆ ಹೆಚ್ಚು. ಒಳಗೆ ಒಣಗಿ ಕಚ್ಚಿದ ಸುಣ್ಣವನ್ನು ವಿನಿಗರ್ ಹಾಕಿದ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ತಿರುಪಿನ ಗೆರೆಗೆ ಒಂದು ಹನಿ ಎಣ್ಣೆ ಬಿಟ್ಟರೆ ಮುಚ್ಚಳ ಮತ್ತೆ ತಿರುಗುತ್ತದೆ. ಸೂಜಿ, ಗುಂಡಿ, ಪಿನ್ನುಗಳನ್ನು ಹಾಕಿಡಲು ಅದಕ್ಕಿಂತ ಒಳ್ಳೆಯ ಡಬ್ಬಿ ಸಿಗುವುದು ಕಷ್ಟ.